ಬೀಳು ಬಿದ್ದ ಹೊಲದಲ್ಲಿ ಗಿಡ ಏಳುತ್ತಿಲ್ಲ: ಆಡು, ಕುರಿ, ದನ ಬಿಡಬೇಕೇ, ತಡೆಯಬೇಕೇ?

ಮಸಾರಿ ಹೊಲ:
ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತ್ತಗುಡ್ಡದ ಬುಡಕ್ಕೆ ನಮ್ಮದು ಆರು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಅಪ್ಪ ತೀರಿಕೊಂಡ ಮೇಲೆ ಉಳುವವರಿಲ್ಲದೆ ಹನ್ನೊಂದು ವರ್ಷದಿಂದ ಬೀಳು ಬಿದ್ದಿದೆ. ನಾನು ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತೇನೆ, ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಮಾರುವ ಮನಸ್ಸಿಲ್ಲ. ತಾನಾಗಿಯೇ ಕಾಡು ಏಳಲಿ, ಗುಡ್ಡ ಇಳಿದು ನಮ್ಮ ಹೊಲಕ್ಕೆ ಬರಲಿ ಎಂದು ಬಿಟ್ಟುಕೊಂಡೆ.

ಮೇಲಿನ ಮೂರು ಎಕರೆಗೆ ಬೇಲಿ ಇಲ್ಲ. ಊರಿನ ಆಡು, ಕುರಿ, ದನ ಎಲ್ಲವೂ ಬರುತ್ತವೆ. ಅಲ್ಲಿ ಎದ್ದಿರುವುದು ಬಂದರಿಕೆ, ತಂಗಡಿ, ಅಲ್ಲಲ್ಲಿ ಕಳ್ಳಿ. ನೆಲ ಬೋಳು. ಕೆಳಗಿನ ಮೂರು ಎಕರೆಗೆ ಆರು ವರ್ಷದ ಹಿಂದೆ ಮುಳ್ಳುತಂತಿ ಹಾಕಿಸಿದೆ. ಅಲ್ಲಿ ಊಬಿನ ಹುಲ್ಲು ಎದೆಮಟ್ಟ ಬೆಳೆಯಿತು. ಹುಲ್ಲಿನ ನಡುವೆ ಬೇವು, ಬಾರಿ, ಜಾಲಿ ಸಸಿಗಳನ್ನು ನಾನೇ ಎಣಿಸಿದ್ದೆ, ನಲವತ್ತಕ್ಕೂ ಹೆಚ್ಚು ಇದ್ದವು. ಈ ಸಲ ಶಿವರಾತ್ರಿ ಕಳೆದ ವಾರದಲ್ಲಿ ರಸ್ತೆ ಕಡೆಯಿಂದ ಬೆಂಕಿ ಬಂತು. ಒಂದು ಮಧ್ಯಾಹ್ನದಲ್ಲಿ ಎಲ್ಲ ಹೋಯಿತು. ಎರಡು ಅಡ್ಡಮಳೆ ಬಿದ್ದ ಮೇಲೆ ಹುಲ್ಲು ಮತ್ತೆ ಚಿಗುರಿತು, ಸಸಿಗಳು ಚಿಗುರಲಿಲ್ಲ.

ಈಗ ಕಾಕ ಹೇಳುತ್ತಿದ್ದಾನೆ, "ಬೇಲಿ ತೆಗೆ, ದನ ಬಿಡು, ಹುಲ್ಲು ತಿಂದರೆ ಬೆಂಕಿ ಹೇಗೆ ಬರುತ್ತದೆ?" ಅವನ ಮಾತಿನಲ್ಲಿ ಸತ್ಯ ಇದೆಯೇ? ಹಾಗಿದ್ದರೆ ಮೇಲಿನ ಹೊಲ ಹನ್ನೊಂದು ವರ್ಷವಾದರೂ ಏಕೆ ಹಾಗಿದೆ? ಅನುಭವ ಇದ್ದವರು ಹೇಳಿ.

ಬೀಜದುಂಡೆ:
ಒಂದು ಆಡನ್ನೂ ಒಳಗೆ ಬಿಡಬೇಡಿ. ಕಾಡಿಗೆ ಕೊಡಲಿಗಿಂತ ಆಡಿನ ಬಾಯಿ ಕೆಟ್ಟದ್ದು. ಬೆಂಕಿ ಬಂದದ್ದು ಬೇಲಿಯ ತಪ್ಪಲ್ಲ, ಬೀಡಿ ಎಸೆದವರ ತಪ್ಪು. ಮಳೆಗಾಲಕ್ಕೆ ಬೀಜದುಂಡೆ ಎರಚಿ. ಬೇಕಾದರೆ ನಮ್ಮ ಗೆಳೆಯರ ಬಳಗ ಬಂದು ಸಹಾಯ ಮಾಡುತ್ತದೆ.

ಕರಿಕಂಬಳಿ:
ಆಡು ಬೇರೆ, ಕುರಿ ಬೇರೆ, ದನ ಬೇರೆ. ಮೂರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಮಾತನಾಡುವುದನ್ನು ಮೊದಲು ಬಿಡಿ. ಕುರಿ ತಲೆ ತಗ್ಗಿಸಿ ನೆಲದ ಹುಲ್ಲು ಮೇಯುತ್ತದೆ. ದನ ನಾಲಗೆ ಸುತ್ತಿ ಉದ್ದ ಹುಲ್ಲು ಕೀಳುತ್ತದೆ. ಆಡು ತಲೆ ಎತ್ತಿ ಚಿಗುರು ಹುಡುಕುತ್ತದೆ, ಸಿಗದಿದ್ದರೆ ಹಿಂಗಾಲಿನ ಮೇಲೆ ನಿಲ್ಲುತ್ತದೆ. ನಮ್ಮದು ಮೂರು ತಲೆಮಾರಿನಿಂದ ಕುರಿ ಕಾಯುವ ಮನೆತನ. ಇನ್ನೂರು ಕುರಿಯ ಹಿಂಡಿನಲ್ಲಿ ಆಡು ಇರುವುದು ಹತ್ತೋ ಹದಿನೈದೋ, ಅದೂ ಕುರಿಗಾರನ ಚಹದ ಹಾಲಿಗೆ.

"ಆಡು ಮುಟ್ಟದ ಸೊಪ್ಪಿಲ್ಲ" ಎನ್ನುತ್ತಾರೆ. ನಿಮ್ಮ ಮೇಲಿನ ಹೊಲ ಆ ಗಾದೆಯನ್ನು ಸುಳ್ಳು ಮಾಡುತ್ತಿದೆ. ಬಂದರಿಕೆ, ತಂಗಡಿ ಅಲ್ಲಿ ನಿಂತಿರುವುದು ಆಡು ಅವನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದಿದ್ದಕ್ಕೆ.

ಎರೆಹುಳು:
ಮೇಲಿನ ಹೊಲದ ಬಂದರಿಕೆಯನ್ನೂ ಕಾಡು ಎಂದೇ ಎಣಿಸಬಾರದೇಕೆ? ಹಸಿರು ಇದ್ದರೆ ಸಾಕಲ್ಲ.

ಮತ್ತಿ ಮರ:
ಸಾಲದು, ಎರೆಹುಳು ಅವರೇ. ಬಂದರಿಕೆ ಕೆಟ್ಟ ಗಿಡವಲ್ಲ, ಮಣ್ಣು ಹಿಡಿಯುತ್ತದೆ. ಆದರೆ ಹನ್ನೊಂದು ವರ್ಷ ಕಳೆದರೂ ಅದರ ಮುಂದಿನ ಹೆಜ್ಜೆ ಬಂದಿಲ್ಲ ಎಂದರೆ ಯಾವುದೋ ಒಂದು ತಡೆಯುತ್ತಿದೆ. ನಾನು ಧಾರವಾಡದ ಕಡೆ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಅಳ್ನಾವರ, ಕಲಘಟಗಿ ಕಾಡಿನಂಚಿನ ಬಿಟ್ಟ ಹೊಲಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಅಲ್ಲಿ ಮಳೆ ಹೆಚ್ಚು, ತೇಗ, ಮತ್ತಿ, ಹೊನ್ನೆ ಬೇಗ ಏಳುತ್ತವೆ. ಗದಗ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಮಸಾರಿ ಹೊಲ ಅವರೇ, ಮುಂದಿನ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಒಂದು, ಎರಡೂ ಬದಿ ತೆರೆದ ಡಬ್ಬಿಯೊಂದನ್ನು ನೆಲಕ್ಕೆ ಎರಡು ಬೆರಳು ಒತ್ತಿ, ಒಂದು ಲೋಟ ನೀರು ಹಾಕಿ, ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ನೋಡಿ. ಎರಡೂ ಹೊಲದಲ್ಲಿ ಮಾಡಿ. ಇನ್ನೊಂದು, ಮೇಲಿನ ಹೊಲದ ಬದುವಿನ ಮೇಲೆ ಮೊಣಕಾಲಿಗಿಂತ ಕೆಳಗಿರುವ, ಪೊದೆಯಂತೆ ಕವಲೊಡೆದ ಗಿಡಗಳಿದ್ದರೆ ಒಂದರ ಬುಡವನ್ನು ಕೈಯಿಂದ ಕೆದಕಿ ನೋಡಿ. ಏನು ಕಂಡಿತೆಂದು ಬರೆಯಿರಿ, ಆಮೇಲೆ ಮಾತನಾಡೋಣ.

ತುಂಗಭದ್ರೆ ದಂಡೆ:
ಕಪ್ಪತ್ತಗುಡ್ಡ 2017ರಲ್ಲಿ ವನ್ಯಜೀವಿ ಧಾಮವಾಯಿತಲ್ಲವೇ? ಅಂಚಿನ ಹೊಲಗಳಿಗೆ ಅದರ ನಿಯಮ ತಾಗುವುದಿಲ್ಲವೇ?

ನವಿಲುಗರಿ:
ಅಲ್ಲ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಆ ಸ್ಥಾನ ಮರಳಿ ಸಿಕ್ಕಿತು. ವನ್ಯಜೀವಿ ಧಾಮವಾದದ್ದು 2019ರಲ್ಲಿ. ಆ ಹೋರಾಟ ನೋಡಿದವರು ವರ್ಷ ಮರೆಯಬಾರದು.

ಕೊನೆಯ ಬಸ್:
ಧಾಮದ ಮಾತು ಬಂದದ್ದಕ್ಕೆ ಕೇಳುತ್ತೇನೆ. ಬಂಕಾಪುರದಲ್ಲಿ ತೋಳಗಳಿಗೆ ಧಾಮ ಮಾಡಿದ್ದಾರಂತೆ. ಹಾವೇರಿಯಿಂದ ಎಷ್ಟು ದೂರ?

ನವಿಲುಗರಿ:
ಅದು ಬೇರೆ ಬಂಕಾಪುರ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನದು. ನಮ್ಮ ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿರುವುದು ನವಿಲು. ಈ ಚರ್ಚೆಗೆ ಅದು ಸಂಬಂಧಪಡುತ್ತದೆ. ಆ ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ. ದನವೂ ಇದೆ, ಮೇವೂ ಇದೆ, ಕಂದಕದ ಸುತ್ತ ಗಿಡಗಂಟಿಯೂ ದಟ್ಟವಾಗಿದೆ, ನವಿಲೂ ಇವೆ. ದನ ಇದ್ದ ಕಡೆ ಗಿಡ ಬದುಕುವುದಿಲ್ಲ ಎನ್ನುವವರು ಒಮ್ಮೆ ಹೋಗಿ ಬರಲಿ.

ಬೀಜದುಂಡೆ:
ಅದು ಗೋಡೆಯೊಳಗಿನ ಜಾಗ, ದನ ಎಷ್ಟಿರಬೇಕು ಎಂದು ಒಬ್ಬರು ತೀರ್ಮಾನಿಸುತ್ತಾರೆ. ಊರ ಹೊರಗಿನ ಬೀಳಿಗೆ ಅದನ್ನು ಹೋಲಿಸಬೇಡಿ. ಅಲ್ಲಿ ನಾಳೆ ಯಾರ ಹಿಂಡು ಬರುತ್ತದೆ ಎಂದು ಹೇಳುವವರು ಯಾರು?

ನವಿಲುಗರಿ:
ನೀವು ಹೇಳಿದ್ದೇ ನನ್ನ ವಾದ. ಎಷ್ಟಿರಬೇಕು, ಯಾವಾಗ ಬರಬೇಕು ಎಂದು ಯಾರಾದರೂ ತೀರ್ಮಾನಿಸಬೇಕು.

ಗ್ರಂಥಾಲಯದ ಮೂಲೆ:
ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ, ಮಸಾರಿ ಹೊಲ ಅವರ ಬೆಂಕಿಗೆ ಬಹಳ ಹತ್ತಿರದ್ದು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಗ್ವಾನಕಾಸ್ತೆ ಎಂಬ ಒಣಕಾಡಿನ ಸೀಮೆ ಇದೆ. ದನದ ಹುಲ್ಲುಗಾವಲಿಗಾಗಿ ಕಾಡು ಕಡಿದು ಆಫ್ರಿಕಾದಿಂದ ತಂದ ಜರಾಗುವಾ ಎಂಬ ಎತ್ತರದ ಹುಲ್ಲನ್ನು ಅಲ್ಲಿ ಬೆಳೆಸಿದ್ದರು. ದನ ಹೊರಗೆ ಹೋದ ಮೇಲೆ ಆ ಹುಲ್ಲು ಆಳೆತ್ತರ ಬೆಳೆದು ಬೇಸಿಗೆಯಲ್ಲಿ ಉರಿಯತೊಡಗಿತು. ಪ್ರತಿ ಬೆಂಕಿಯೂ ಕಾಡಿನಂಚನ್ನು ಇನ್ನಷ್ಟು ಹಿಂದಕ್ಕೆ ತಳ್ಳಿತು. ಅಲ್ಲಿ ಕಾಡು ಮರಳಿಸಲು ದುಡಿದ ಡೇನಿಯಲ್ ಜಾನ್ಜನ್ ಎಂಬ ವಿಜ್ಞಾನಿ ಮೊದಲು ಬೆಂಕಿ ತಡೆಯುವ ಕೆಲಸ ಹಿಡಿದರು. ಹುಲ್ಲನ್ನು ಗಿಡ್ಡವಾಗಿ ಇಡಲು ಕೆಲವು ವರ್ಷ ದನಗಳನ್ನೇ ಬಳಸಿದರು. ಗಿಡಗಳ ನೆರಳು ಬಿದ್ದ ಮೇಲೆ ಹುಲ್ಲು ತಾನೇ ಸೊರಗಿತು.

ನಮ್ಮ ದೇಶದ್ದು ರಾಜಸ್ಥಾನದ ಭರತಪುರ ಪಕ್ಷಿಧಾಮ. 1982ರಲ್ಲಿ ಅಲ್ಲಿ ಎಮ್ಮೆ ಮೇಯುವುದನ್ನು ನಿಲ್ಲಿಸಿದರು. ಗಲಾಟೆಯಾಗಿ ಗುಂಡಿನ ದಾಳಿಯಲ್ಲಿ ಹಳ್ಳಿಯವರು ಸತ್ತರು. ಆಮೇಲೆ ನೋಡಿದರೆ ಎಮ್ಮೆ ತಿನ್ನುತ್ತಿದ್ದ ಹುಲ್ಲು ನೀರಿನ ಮೇಲೆಲ್ಲ ಹಬ್ಬಿ ಹಕ್ಕಿಗಳಿಗೇ ತೊಂದರೆಯಾಯಿತು.

ಬೀಜದುಂಡೆ:
ಭರತಪುರ ಜೌಗು ನೆಲ, ಇದು ಒಣ ಮಸಾರಿ. ಆ ಉದಾಹರಣೆ ಇಲ್ಲಿ ನಡೆಯುವುದಿಲ್ಲ. ಕೋಸ್ಟರಿಕಾದ ಮಾತು ಒಪ್ಪುತ್ತೇನೆ. ಆದರೆ ಅಲ್ಲಿ ಬಿಟ್ಟದ್ದು ದನ, ಆಡಲ್ಲ. ಅಲ್ಲಿ ಪಕ್ಕದಲ್ಲೇ ಉಳಿದಿದ್ದ ಕಾಡಿನಿಂದ ಗಾಳಿ ಮತ್ತು ಪ್ರಾಣಿಗಳು ಬೀಜ ತಂದವು.

ಗ್ರಂಥಾಲಯದ ಮೂಲೆ:
ಒಪ್ಪಿದೆ. ಇವರ ಹೊಲಕ್ಕೂ ಪಕ್ಕದಲ್ಲಿ ಗುಡ್ಡ ಇದೆಯಲ್ಲ.

ಜಾಲಿ ಕಂಟಿ:
ಬೀಜ ತರುವವರಲ್ಲಿ ದನವೂ ಒಂದು, ಅದನ್ನು ಮರೆಯಬೇಡಿ. ರೋಣದ ಕಡೆ ನಮ್ಮ ಎರೆ ಹೊಲದ ಪಕ್ಕದ ಹಳ್ಳದಲ್ಲಿ ಮೃಗಶಿರ ಮಳೆಯ ನಂತರ ಹಳೆಯ ಸಗಣಿಯ ಕುರುಳೊಂದರಲ್ಲಿ ಒಂಬತ್ತು ಬಳ್ಳಾರಿ ಜಾಲಿ ಸಸಿ ಎದ್ದದ್ದನ್ನು ನೋಡಿದ್ದೇನೆ. ಸಿಹಿಯಾದ ಕಾಯನ್ನು ದನ ತಿನ್ನುತ್ತದೆ. ಹೊಟ್ಟೆಯಲ್ಲಿ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ, ಸಗಣಿ ಗೊಬ್ಬರವಾಗುತ್ತದೆ. ಅಮೆರಿಕ ಖಂಡದ ಗಿಡ, ನಮ್ಮ ದನದ ಹೊಟ್ಟೆಯಲ್ಲೇ ಹೊಲದಿಂದ ಹೊಲಕ್ಕೆ ನಡೆದು ಬಂತು. ದನ ಬಿಡುವ ಮೊದಲು ಸುತ್ತಮುತ್ತ ಬಳ್ಳಾರಿ ಜಾಲಿ ಇದೆಯೇ ನೋಡಿಕೊಳ್ಳಿ. ಒಮ್ಮೆ ಬೇರೂರಿದರೆ ಕಡಿದಷ್ಟೂ ಚಿಗುರುತ್ತದೆ.

ಹಾನಗಲ್ ಕೆರೆ:
ಆಡಿನ ಹಿಕ್ಕೆಯಲ್ಲೂ ಬಾರಿ ಬೀಜ ಬರುತ್ತದೆ, ಹಾಗೆ ಬಾರಿ ಹಬ್ಬುವುದು ಒಳ್ಳೆಯದೇ.

ಕರಿಕಂಬಳಿ:
ಹಿಕ್ಕೆಯಲ್ಲಿ ಬರುವುದು ಸಣ್ಣ ಬೀಜ. ಬಾರಿಯ ದೊಡ್ಡ ಓಟೆಯನ್ನು ಆಡು ಮೆಲುಕು ಹಾಕುವಾಗ ಉಗುಳುತ್ತದೆ. ಬೆಳಿಗ್ಗೆ ಹಟ್ಟಿ ಗುಡಿಸುವಾಗ ಹಿಕ್ಕೆಯ ಜೊತೆಗೆ ಚೊಕ್ಕ ಬಿಳಿ ಓಟೆಗಳು ಒಂದು ಕಡೆ ರಾಶಿ ಸಿಗುತ್ತವೆ. ಚಿಕ್ಕಂದಿನಲ್ಲಿ ಅವನ್ನು ಆರಿಸಿ ಗೋಲಿ ಆಡುತ್ತಿದ್ದೆವು. ಹೀಗಾಗಿ ಓಟೆ ಬೀಳುವುದು ಆಡು ಮಲಗುವ ಕಡೆ, ಮೇಯುವ ಕಡೆ ಅಲ್ಲ.

ಹಾನಗಲ್ ಕೆರೆ:
ಇದು ನನಗೆ ಗೊತ್ತಿರಲಿಲ್ಲ, ಒಪ್ಪಿಕೊಂಡೆ. ಬಾರಿ ಕಂಟಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಗೋಮಾಳದಲ್ಲಿ ಉಳಿದ ಎಲ್ಲ ಬೇವೂ ಬಾರಿ ಅಥವಾ ಕವಳಿ ಕಂಟಿಯ ನಡುವಿನಿಂದ ಎದ್ದದ್ದು. ಹಕ್ಕಿ ಕಂಟಿಯ ಮೇಲೆ ಕುಳಿತು ಬೇವಿನ ಬೀಜ ಬೀಳಿಸುತ್ತದೆ, ಆಡಿನ ಮೂತಿ ಮುಳ್ಳಿನೊಳಗೆ ಹೋಗುವುದಿಲ್ಲ, ಬೇವು ಕಂಟಿಯ ತಲೆ ದಾಟುವ ಹೊತ್ತಿಗೆ ಆಡಿಗೆ ಎಟುಕದಷ್ಟು ಎತ್ತರವಾಗಿರುತ್ತದೆ. ಆದ್ದರಿಂದ "ಸ್ವಚ್ಛ ಮಾಡುತ್ತೇನೆ" ಎಂದು ಮುಳ್ಳುಕಂಟಿ ಕಡಿಸಬೇಡಿ. ಬೀಳು ಹೊಲ ಕೈಗೆ ಬಂದ ಕೂಡಲೇ ಜೆಸಿಬಿ ತರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎರೆಹುಳು:
ಜೆಸಿಬಿಯ ಮಾತು ಬಂತು. ನಮ್ಮ ಓಣಿಯ ಹಿಂದಿನ ನಿವೇಶನದಲ್ಲಿ ಹಾಗೆ ಸ್ವಚ್ಛ ಮಾಡಿಸಿದರು. ಮರುವರ್ಷ ಪೂರ್ತಿ ಕಾಂಗ್ರೆಸ್ ಕಸ.

ಮಸಾರಿ ಹೊಲ:
ಶನಿವಾರ ಊರಿಗೆ ಹೋಗಿ ಬಂದೆ. ಮತ್ತಿ ಮರ ಅವರು ಹೇಳಿದ ಎರಡೂ ಕೆಲಸ ಮಾಡಿದೆ.

ಹಾಲಿನಪುಡಿ ಡಬ್ಬಿಯ ತಳ ಕತ್ತರಿಸಿ ಬೇಲಿಯೊಳಗಿನ ಹೊಲದಲ್ಲಿ ಒತ್ತಿ ನೀರು ಹಾಕಿದೆ. ಕಾಕ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನೀರು ಮಾಯ. ಮೇಲಿನ ಹೊಲದಲ್ಲಿ ಡಬ್ಬಿ ಒತ್ತಲು ಕಲ್ಲಿನಿಂದ ಬಡಿಯಬೇಕಾಯಿತು. ನೀರು ನಿಂತೇ ಇತ್ತು. ಬದುವಿನ ಗಿಡ ನೋಡಿ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು, ಡಬ್ಬಿಯಲ್ಲಿ ಇನ್ನೂ ಬೆರಳ ಗೆಣ್ಣಿನಷ್ಟು ಕೆಂಪು ನೀರು ಇತ್ತು, ಒಂದು ಇರುವೆ ತೇಲುತ್ತಿತ್ತು.

ಬದುವಿನ ಮೇಲೆ ಗೇಣುದ್ದದ ಒಂದು ಪೊದೆ. ತುದಿಗಳೆಲ್ಲ ಕತ್ತರಿಯಿಂದ ಸವರಿದಂತೆ ಇದ್ದವು, ಎಲೆಗಳು ಹೆಬ್ಬೆರಳ ಉಗುರಿನಷ್ಟು. ಈ ವರ್ಷದ ಸಸಿ ಎಂದುಕೊಂಡಿದ್ದೆ. ಕೆದಕುತ್ತ ಹೋದೆ. ನೆಲದ ಮಟ್ಟದಲ್ಲಿ ಮುಷ್ಟಿ ಗಾತ್ರದ ಗಂಟು, ಅದರ ಕೆಳಗೆ ನನ್ನ ಮುಂಗೈ ದಪ್ಪದ ಬೇರು. ಮೊಳದಷ್ಟು ಅಗೆದೆ, ದಪ್ಪ ಕಡಿಮೆಯಾಗಲಿಲ್ಲ. ಕಾಕ ಬಗ್ಗಿ ನೋಡಿ, "ಇದು ದಿಂಡಿಗ. ನಿಮ್ಮ ಅಜ್ಜ ಇದ್ದಾಗ ಈ ಬದುವಿನ ಮೇಲೆ ಸಾಲಾಗಿ ಇದ್ದವು, ನೊಗಕ್ಕೆ, ಗಾಡಿಗೆ ಕಡಿಯುತ್ತಿದ್ದೆವು" ಎಂದ. ನನಗಿಂತ ಹಿರಿಯ ಮರ ಗೇಣುದ್ದ ಆಗಿ ಕುಳಿತಿದೆ. ಮಣ್ಣು ಮುಚ್ಚಿ, ಮೇಲೆ ಎರಡು ಕಲ್ಲು ಇಟ್ಟು ಬಂದೆ. ಬದುವಿನ ಉದ್ದಕ್ಕೂ ಎಣಿಸಿದೆ, ಅಂಥವು ಇಪ್ಪತ್ತೇಳು ಇವೆ. ಹೊಲದ ನಡುವೆ ಒಂದೂ ಇಲ್ಲ.

ಮತ್ತಿ ಮರ:
ಇದನ್ನೇ ನೀವು ಕಣ್ಣಾರೆ ನೋಡಬೇಕು ಎಂದುಕೊಂಡಿದ್ದೆ. ನಡುವೆ ಇಲ್ಲದಿರುವುದಕ್ಕೆ ಕಾರಣ ಕುಂಟೆ, ನೇಗಿಲು, ಆಮೇಲೆ ಟ್ರ್ಯಾಕ್ಟರ್. ಆಳವಾಗಿ ಉತ್ತ ಕಡೆ ಹಳೆಯ ಬೇರು ಉಳಿಯುವುದಿಲ್ಲ, ಅಲ್ಲಿ ಕಾಡು ಬೀಜದಿಂದಲೇ ಬರಬೇಕು, ಅದು ನಿಧಾನ. ಬದುವಿನಲ್ಲಿ ಬೇರು ಬದುಕಿದೆ. ಪ್ರತಿ ಮಳೆಗಾಲಕ್ಕೂ ಚಿಗುರು ಕಳಿಸುತ್ತದೆ, ಆಡು ಸವರುತ್ತದೆ, ಬೇರಿನ ಸಂಗ್ರಹ ಸ್ವಲ್ಪ ಕರಗುತ್ತದೆ. ಇಷ್ಟು ದಪ್ಪ ಬೇರಿಗೆ ಮೂರು ಮಳೆಗಾಲ ಬಾಯಿ ತಾಗದಂತೆ ಮಾಡಿದರೆ ಆಳೆತ್ತರ ದಾಟುತ್ತದೆ. ನೀವು ಬೀಜ ಬಿತ್ತಿ ಹತ್ತು ವರ್ಷ ಕಾದರೂ ಅಷ್ಟು ಗಟ್ಟಿ ಗಿಡ ಸಿಗುವುದಿಲ್ಲ. ಬೀಜದುಂಡೆ ಅವರು ಬೇಸರ ಮಾಡಿಕೊಳ್ಳಬಾರದು, ಇಂಥ ಬಿಗಿದ ನೆಲದ ಮೇಲೆ ಎಸೆದ ಉಂಡೆಯಿಂದ ಮೊಳಕೆ ಬಂದರೂ ಅದರ ಬೇರು ಇಳಿಯುವುದಿಲ್ಲ.

ನಿಮ್ಮ ಕಾಕನ ಮಾತಿಗೆ ಬರುತ್ತೇನೆ. ಬೆಂಕಿಯ ಬಗ್ಗೆ ಅವರು ಹೇಳಿದ್ದು ಸರಿ, ಪರಿಹಾರ ಅರ್ಧ ಸರಿ. ಹುಲ್ಲು ಸಸಿಯ ನೀರನ್ನೂ ಬೆಳಕನ್ನೂ ಕಸಿಯುತ್ತದೆ, ಒಣಗಿದ ಮೇಲೆ ಉರುವಲಾಗುತ್ತದೆ. ಹುಲ್ಲು ಕಡಿಮೆಯಾಗಲೇಬೇಕು. ಆದರೆ ಮಳೆಗಾಲದಲ್ಲಿ ದನ ಬಿಟ್ಟರೆ ಹಸಿ ಮಣ್ಣು ಗೊರಸಿನಡಿ ಬಿಗಿಯುತ್ತದೆ, ಎರಡೆಲೆಯ ಸಸಿಯೂ ಹುಲ್ಲಿನ ಜೊತೆಗೇ ಹೋಗುತ್ತದೆ. ಊಬು ಗಟ್ಟಿಯಾದ ಮೇಲೆ ಕುರಿಗೂ ಕಷ್ಟ, ಉಣ್ಣೆಗೆ ಚುಚ್ಚಿ ಚರ್ಮಕ್ಕೆ ಇಳಿಯುತ್ತದೆ. ಹುಲ್ಲು ಕೊಯ್ದು ಹೊತ್ತುಕೊಂಡು ಹೋಗುವುದು ಮೇಲು. ಮಹಾರಾಷ್ಟ್ರದ ಹಿವರೆ ಬಜಾರ್ ಎಂಬ ಹಳ್ಳಿಯವರು ಬಯಲಲ್ಲಿ ಮೇಯಿಸುವುದನ್ನು ಬಿಟ್ಟು ಹುಲ್ಲು ಕೊಯ್ದು ಒಯ್ಯುವ ನಿಯಮ ಮಾಡಿಕೊಂಡರು, ಗುಡ್ಡವೂ ಹಸಿರಾಯಿತು, ಹಾಲೂ ಹೆಚ್ಚಿತು.

ಕರಿಕಂಬಳಿ:
ಹಿವರೆ ಬಜಾರಿನಲ್ಲಿ ಮನೆ ಮುಂದೆ ಕಟ್ಟುವ ಹಸು ಇವೆ ಸರ್. ಇನ್ನೂರು ಕುರಿಗೆ ಹುಲ್ಲು ಹೊತ್ತು ಹಾಕುವವರು ಯಾರು? ಕುರಿ ನಡೆದು ಮೇಯುವ ಪ್ರಾಣಿ.

ಕಾಡು ಬೆಳೆಯಬೇಕು ಎನ್ನುವವರು ಒಂದು ಮಾತು ಕೇಳಿಸಿಕೊಳ್ಳಿ. ನಾನು ಹುಡುಗನಿದ್ದಾಗ ಗಾಯರಾಣ (ಊರ ಗೋಮಾಳ) ಇತ್ತು, ಕೆರೆಯಂಗಳ ಇತ್ತು, ಸುಗ್ಗಿ ಮುಗಿದ ಹೊಲಗಳಿದ್ದವು. ಹೊಲದಲ್ಲಿ ಹಿಂಡು ತರುಬಿದರೆ ರೈತ ಜೋಳ ಕೊಡುತ್ತಿದ್ದ, ಗೊಬ್ಬರ ಅವನಿಗೆ. ಈಗ ಗಾಯರಾಣ ಒತ್ತುವರಿ, ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರ, ಬೋರ್‌ವೆಲ್ ಬಂದು ಹೊಲಕ್ಕೆ ವರ್ಷವಿಡೀ ಬೆಳೆ. 2025ರಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲಿಗಳು ಸತ್ತ ಮೇಲೆ ಕಾಡಿನಲ್ಲಿ ಮೇಯಿಸುವುದನ್ನೇ ನಿಲ್ಲಿಸಬೇಕೆಂಬ ಮಾತು ಎದ್ದಿತು. ಹಾಗಾದರೆ ನಾವು ಉಳಿಯುವುದು ಬೀಳು ಹೊಲಗಳಲ್ಲಿ. ಅಲ್ಲಿಗೂ ಬೇಲಿ ಬಂದರೆ ಉಳಿದ ತುಂಡಿನ ಮೇಲೆ ಎಲ್ಲರ ಹಿಂಡೂ ಬೀಳುತ್ತದೆ. ನಿಮ್ಮ ಮೇಲಿನ ಹೊಲ ಬಿಗಿದದ್ದು ಹಾಗೆಯೇ. ಬೇಲಿ ಹಾಕಿದ ವರ್ಷದಿಂದ ಅಲ್ಲಿ ಹಿಂಡು ಹೆಚ್ಚಾಗಿರಬೇಕು, ಕಾಕನನ್ನು ಕೇಳಿ ನೋಡಿ.

ಮಸಾರಿ ಹೊಲ:
ಕೇಳಿದೆ. ಹೌದಂತೆ. ಇದು ನನಗೆ ಹೊಳೆದಿರಲೇ ಇಲ್ಲ.

ಹಾನಗಲ್ ಕೆರೆ:
ಕರಿಕಂಬಳಿ ಅವರ ಮಾತಿಗೆ ನಮ್ಮ ತಾಲ್ಲೂಕಿನ ಇತಿಹಾಸವೇ ಸಾಕ್ಷಿ. 80ರ ದಶಕದಲ್ಲಿ ಊರ ದನ ಮೇಯುವ ಸಾಮೂಹಿಕ ಭೂಮಿಯನ್ನು ಕಾರ್ಖಾನೆಯ ಕಚ್ಚಾಮಾಲಿಗಾಗಿ ನೀಲಗಿರಿ ನೆಡಲು ಕೊಟ್ಟರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಯ ಪಕ್ಕದಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. "ಕಿತ್ತಿಕೊ ಹಚ್ಚಿಕೊ" ಎಂದೇ ಅದಕ್ಕೆ ಹೆಸರು. ಅವರು ಮರದ ವಿರೋಧಿಗಳಾಗಿರಲಿಲ್ಲ. ಮೇವು, ಉರುವಲು, ಹಣ್ಣು ಕೊಡುವ ಮರ ಕೇಳಿದರು.

ತುಂಗಭದ್ರೆ ದಂಡೆ:
ಎಲ್ಲ ಸರಿ, ಒಂದು ಹೆದರಿಕೆ ಯಾರೂ ಹೇಳಲಿಲ್ಲ. ಹೊಲದಲ್ಲಿ ಮರ ದಟ್ಟವಾದರೆ ನಾಳೆ ಕಡಿಯಲು ಅನುಮತಿಗೆ ಅಲೆಯಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮ ಅಣ್ಣ ಒಂದು ತೇಗಕ್ಕಾಗಿ ಕಚೇರಿಗೆ ಹದಿನಾಲ್ಕು ಸಲ ಹೋಗಿದ್ದಾನೆ. ರೈತರು ಬದುವಿನ ಸಸಿಯನ್ನು ಚಿಕ್ಕದಿದ್ದಾಗಲೇ ಕೀಳುವುದಕ್ಕೆ ಆಡಿಗಿಂತ ಇದು ದೊಡ್ಡ ಕಾರಣ.

ನವಿಲುಗರಿ:
ಹೆದರಿಕೆ ನಿಜ. ಆದರೆ ನಿಯಮ ಸಡಿಲಿದ್ದೂ ಇದೆ. 2001ರ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಶ್ರೀಗಂಧ ಜಮೀನಿನ ಮಾಲೀಕರದೇ. ಇವರಿಗೆ ಬೇಕಾಗಿರುವುದು ನಾಟಾ ಅಲ್ಲ, ಕಾಡು. ಕಡಿಯುವ ಮಾತೇ ಇಲ್ಲ.

ಕೊನೆಯ ಬಸ್:
ಶ್ರೀಗಂಧ ಬೆಳೆದರೆ ಕಳ್ಳರ ಕಾಟ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ.

ಬೀಜದುಂಡೆ:
ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಆ ದಿಂಡಿಗದ ಬೇರಿನ ಮಾತು ನನ್ನನ್ನು ಬಹಳ ಕಾಡಿತು. ಮೂರು ವರ್ಷ ನಾವು ಉಂಡೆ ಎರಚಿದ ಗುಡ್ಡದ ಇಳಿಜಾರಿನಲ್ಲಿ ಇಂಥ ಗೇಣುದ್ದದ ಪೊದೆಗಳ ಮೇಲೆಯೇ ಹೆಜ್ಜೆ ಇಟ್ಟು ನಡೆದಿದ್ದೇವೆ. ಈ ಸಲ ಬಳಗದವರನ್ನು ಕರೆದುಕೊಂಡು ಹೋಗಿ ಮೊದಲು ಅವನ್ನು ಎಣಿಸುತ್ತೇವೆ. ಆಡಿನ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ.

ಕರಿಕಂಬಳಿ:
ಆಡಿನ ವಿಷಯದಲ್ಲಿ ನಾನೂ ನಿಮ್ಮ ಕಡೆಯೇ ಇದ್ದೇನೆ. ಎಳೆ ಗಿಡದ ಜಾಗಕ್ಕೆ ಆಡು ಬೇಡ.

ಮಸಾರಿ ಹೊಲ:
ಆಷಾಢದಲ್ಲಿ ಮತ್ತೆ ಹೋಗಿದ್ದೆ. ಏನು ಮಾಡಿದೆ ಎಂದು ಹೇಳಬೇಕಲ್ಲ. ಬದುವಿನ ಇಪ್ಪತ್ತೇಳು ದಿಂಡಿಗಕ್ಕೂ ಜಾಲಿ ಮುಳ್ಳು ಸುತ್ತಿದ್ದೇವೆ, ಕಾಕ ಮತ್ತು ಇಬ್ಬರು ಆಳು, ಎರಡು ದಿನದ ಕೆಲಸ. ಮೇಲಿನ ಹೊಲಕ್ಕೆ ತಂತಿ ಹಾಕುತ್ತಿಲ್ಲ. ಊರಿನ ಇಬ್ಬರು ಕುರಿಗಾರರ ಜೊತೆ ಕುಳಿತು ಮಾತನಾಡಿದೆ: ಮಳೆ ಶುರುವಾದಾಗಿನಿಂದ ದೀಪಾವಳಿವರೆಗೆ ಅಲ್ಲಿ ಹಿಂಡು ಇಳಿಯುವುದಿಲ್ಲ, ಆಡು ಯಾವಾಗಲೂ ಇಲ್ಲ. ಬದಲಿಗೆ ಬೇಲಿಯೊಳಗಿನ ಹುಲ್ಲು ಅವರದು. ಊಬು ಗಟ್ಟಿಯಾಗುವ ಮೊದಲೇ ಕೊಯ್ದು ಒಯ್ಯಬೇಕು, ರಸ್ತೆ ಬದಿಯಲ್ಲಿ ಹತ್ತು ಅಡಿ ಅಗಲಕ್ಕೆ ನೆಲ ಬೋಳು ಮಾಡಬೇಕು, ಬೆಂಕಿ ದಾಟದಂತೆ. ಒಬ್ಬರು ತಕ್ಷಣ ಒಪ್ಪಿದರು. ಇನ್ನೊಬ್ಬರು, "ಮೂರನೆಯ ಊರಿನ ಹಿಂಡು ಬಂದರೆ ನಾನು ಏಕೆ ಹೊರಗಿರಬೇಕು?" ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸುಟ್ಟುಹೋಯಿತು ಎಂದುಕೊಂಡ ಬೇವಿನಲ್ಲಿ ಆರು ಬುಡದಿಂದ ಚಿಗುರಿವೆ.

ಮತ್ತಿ ಮರ:
ಆ ಆರಕ್ಕೆ ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡಿ. ಹುಲ್ಲು ಕೊಯ್ಯುವವರ ಕುಡುಗೋಲಿಗೆ ಸಿಗಬಾರದು.

ಕರಿಕಂಬಳಿ:
ಮೂರನೆಯ ಊರಿನ ಹಿಂಡು ಯಾವ ದಾರಿಯಲ್ಲಿ ಬರುತ್ತದೆ ಎಂದು ಕಾಕನಿಗೆ ಗೊತ್ತಿರುತ್ತದೆ. ಹೇಳಿ, ಆ ಕಡೆಯ ಕುರಿಗಾರರಲ್ಲಿ ನಮ್ಮ ಬೀಗರಿದ್ದಾರೆ, ನಾನು ಮಾತನಾಡುತ್ತೇನೆ. ಇನ್ನೊಂದು: ಮುಳ್ಳು ಸುತ್ತುವಾಗ ಬುಡ ಒಳಗೆ, ತುದಿ ಹೊರಗೆ ಬರುವಂತೆ ಇಟ್ಟಿದ್ದೀರಿ ತಾನೇ? ತಿರುಗಿಸಿ ಇಟ್ಟಿದ್ದರೆ ಆಡು ಬುಡ ಕಚ್ಚಿ ಎಳೆದುಹಾಕುತ್ತದೆ.

ಮಸಾರಿ ಹೊಲ:
ಕಾಕನಿಗೆ ಈಗಲೇ ಫೋನ್ ಮಾಡಿ ಕೇಳುತ್ತೇನೆ.